ಕೀಲುನೋವಿನ ರಾತ್ರಿಗಳು

ದೀರ್ಘಕಾಲದ ಕೀಲುನೋವಿನಿಂದ ಬಳಲುವವರು ವೈದ್ಯರ ಮುಂದೆ ಕುಳಿತಾಗ ಮಂಡಿಯ ಊತ, ಬೆರಳುಗಳ ಬಿಗಿತ, ಮೆಟ್ಟಿಲು ಹತ್ತುವಾಗಿನ ಕಷ್ಟ ಇವುಗಳನ್ನು ವಿವರವಾಗಿ ಹೇಳುತ್ತಾರೆ. ರಾತ್ರಿ ಎಷ್ಟು ಹೊತ್ತು ಎಚ್ಚರವಾಗಿ ಕಳೆಯಿತೆಂಬುದನ್ನು ಹೇಳುವವರು ಕಡಿಮೆ, ಅದನ್ನು ಕೇಳುವ ವೈದ್ಯರೂ ಕಡಿಮೆ. ನೋವಿದ್ದ ಮೇಲೆ ನಿದ್ರೆ ಕೆಡುವುದು ಸಹಜ, ನೋವು ಹೋದರೆ ನಿದ್ರೆ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಎರಡೂ ಕಡೆ ಬೇರೂರಿರುವುದೇ ಇದಕ್ಕೆ ಕಾರಣ. ಕಳೆದ ಐವತ್ತು ವರ್ಷಗಳ ನಿದ್ರಾಸಂಶೋಧನೆ ಈ ನಂಬಿಕೆಯ ಮೊದಲ ಭಾಗವನ್ನು ಒಪ್ಪುತ್ತದೆ, ಎರಡನೆಯದನ್ನು ಒಪ್ಪುವುದಿಲ್ಲ. ಬಹುಕಾಲ ಕೆಟ್ಟ ನಿದ್ರೆ ನೋವು ಇಳಿದ ಮೇಲೂ ಕೆಟ್ಟೇ ಉಳಿಯಬಹುದು. ಅಷ್ಟೇ ಅಲ್ಲದೆ ಆ ಕೆಟ್ಟ ನಿದ್ರೆ ಮರುದಿನದ ನೋವನ್ನು ತಾನೇ ಹೆಚ್ಚಿಸುತ್ತದೆ. ಆದ್ದರಿಂದ ನಿದ್ರಾಹೀನತೆಗೆ ಅದರದೇ ಆದ ಚಿಕಿತ್ಸೆ ಬೇಕು, ಅಂಥ ಚಿಕಿತ್ಸೆ ಇದೆ, ಮತ್ತು ಅದರ ಬಹುಭಾಗಕ್ಕೆ ಔಷಧಿಯಂಗಡಿಗೆ ಹೋಗಬೇಕಾಗಿಲ್ಲ ಎಂಬುದನ್ನು ವಿವರಿಸುವುದು ಈ ಭಾಷಣದ ಉದ್ದೇಶ.

ಈ ವಿಚಾರಕ್ಕೆ ಕಡೂರು ತಾಲ್ಲೂಕಿನ ದೇವನೂರು ಮತ್ತು ಅದರ ಸುತ್ತಿನ ಸೀಮೆ ತಕ್ಕ ಹಿನ್ನೆಲೆಯನ್ನು ಒದಗಿಸುತ್ತದೆ. ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶನ ಊರೆಂದು ನಾಡು ಗುರುತಿಸುವ ಈ ಗ್ರಾಮ ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಗೆ ಸೇರಿದ್ದು. 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಾಗಿದ್ದ ಈ ಜಿಲ್ಲೆಯ ಪಶ್ಚಿಮ ಭಾಗ ಮಳೆಯ ಮಲೆನಾಡಾದರೆ, ಕಡೂರು, ಬೀರೂರು, ಅಜ್ಜಂಪುರಗಳ ಪೂರ್ವ ಭಾಗ ರಾಗಿ, ತೆಂಗು, ಈರುಳ್ಳಿಗಳ ಒಣನೆಲ. ಇಲ್ಲಿಯ ಬೇಸಾಯದ ಕೆಲಸಗಳಲ್ಲಿ ಕೀಲುಗಳ ಮೇಲೆ ಬೀಳುವ ಭಾರ ಹೆಚ್ಚು. ರಾಗಿ ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವುದು, ಬಗ್ಗಿಕೊಂಡು ಪೈರು ಕೊಯ್ಯುವುದು, ತೆಂಗಿನಕಾಯಿ ಸುಲಿಯುವುದು, ತರೀಕೆರೆಯ ಕಡೆ ಅಡಿಕೆಯ ಕಾಲದಲ್ಲಿ ಸರಿರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದು, ಇವೆಲ್ಲ ಮಂಡಿ, ಸೊಂಟ, ಹೆಬ್ಬೆರಳಿನ ಬುಡ ಇವುಗಳನ್ನು ವರ್ಷಾನುಗಟ್ಟಲೆ ಸವೆಸುವ ಕೆಲಸಗಳು. ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿ ತೆಳುವಾಗಿ ಕೀಲಿನ ರಚನೆಯೇ ಬದಲಾಗುವ ಈ ಸ್ಥಿತಿಗೆ ಅಸ್ಥಿಸಂಧಿವಾತ ಎಂದು ಹೆಸರು. ಊರಿನ ಮಾತಿನಲ್ಲಿ ಅದು ಮಂಡಿ ಸವೆದುಹೋಗಿರುವುದು.

ಈ ಸವೆತದ ಜೊತೆಗೆ ಬೇರೆ ಕಾರಣಗಳೂ ಇವೆ. 2006ರಲ್ಲಿ ಚಿಕೂನ್‌ಗುನ್ಯಾ ಜ್ವರ ದೇಶದಲ್ಲಿ ಹರಡಿದಾಗ ಅತಿ ಹೆಚ್ಚು ಶಂಕಿತ ಪ್ರಕರಣಗಳು ಕರ್ನಾಟಕದಲ್ಲೇ, 7 ಲಕ್ಷಕ್ಕೂ ಮೀರಿ ದಾಖಲಾದವು. ಜ್ವರ ವಾರದೊಳಗೆ ಬಿಟ್ಟರೂ ಅನೇಕರಲ್ಲಿ ಕೀಲುನೋವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯಿತು. ಆಳದ ಕೊಳವೆಬಾವಿಯ ನೀರನ್ನೇ ಕುಡಿಯುವ ಒಣಸೀಮೆಗಳಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದ್ದರೆ ಅದು ಮೂಳೆ ಮತ್ತು ಸ್ನಾಯುಬಂಧಗಳಲ್ಲಿ ಸೇರಿಕೊಂಡು ಬೆನ್ನನ್ನೂ ಕೀಲುಗಳನ್ನೂ ಬಿಗಿಯುವ ಫ್ಲೋರೋಸಿಸ್ ಉಂಟಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯಲು ಯೋಗ್ಯವಲ್ಲವಾದ್ದರಿಂದ, ಒಂದೇ ಕೇರಿಯ ಹಲವರಿಗೆ ಮೈಬಿಗಿತ ಕಾಣಿಸಿದರೆ ಅಲ್ಲಿಯ ನೀರನ್ನು ಪರೀಕ್ಷೆ ಮಾಡಿಸುವುದು ಮೊದಲ ಕೆಲಸವಾಗಬೇಕು.

ಮಲೆನಾಡಿನ ಕಡೆಗೆ ತಿರುಗಿದರೆ, ಜಗತ್ತಿನ ವೈದ್ಯಗ್ರಂಥಗಳಲ್ಲಿ ಕನ್ನಡ ಊರೊಂದರ ಹೆಸರಿನಿಂದಲೇ ದಾಖಲಾದ ಕೀಲುಬೇನೆಯೊಂದು ಎದುರಾಗುತ್ತದೆ. 1974–75ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಗಮನಕ್ಕೆ ಬಂದ ಈ ಬೇನೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಅನೇಕ ಗ್ರಾಮಗಳಲ್ಲಿ, ಮುಖ್ಯವಾಗಿ ಕೂಲಿಯನ್ನೇ ನೆಚ್ಚಿದ ದಲಿತ ಕುಟುಂಬಗಳಲ್ಲಿ ಕಂಡುಬಂದಿತು. ಸೊಂಟ ಮತ್ತು ಮಂಡಿಯ ಕೀಲುಗಳು ಎಳವೆಯಲ್ಲೇ ಅಥವಾ ಹರೆಯದಲ್ಲೇ ನೋಯತೊಡಗಿ, ಕ್ರಮೇಣ ನಡಿಗೆ ವಾಲಿ, ಕೆಲವರು ನೆಲದ ಮೇಲೆ ತೆವಳುವ ಸ್ಥಿತಿಗೆ ಬಂದರು. ಗದ್ದೆಯ ಏಡಿಯನ್ನು ತಿಂದುದರಿಂದ, ಅದರೊಳಗೆ ಸೇರಿದ ಕೀಟನಾಶಕದಿಂದ ಹೀಗಾಯಿತೆಂಬ ಶಂಕೆ ಮೊದಮೊದಲು ಬಲವಾಗಿತ್ತು. ಮುಂದಿನ ಅಧ್ಯಯನಗಳು ಇದು ತಂದೆತಾಯಿಯರಲ್ಲಿ ಒಬ್ಬರಿಂದಲೇ ಮಕ್ಕಳಿಗೆ ಇಳಿದುಬರಬಲ್ಲ ಆನುವಂಶಿಕ ಮೂಳೆದೋಷವೆಂದು ತೋರಿಸಿದವು. ಬೇನೆಯ ಮೂಲವನ್ನೇ ತೆಗೆಯುವ ಮದ್ದು ಇದಕ್ಕಿಲ್ಲ. ರೋಗದ ವರ್ಗೀಕರಣ, ಕ್ಷಕಿರಣ ಚಿತ್ರ, ವಂಶವೃಕ್ಷ ಇವುಗಳ ಬಗೆಗೆ ಇಷ್ಟೊಂದು ಬರಹ ನಡೆದ ಮೇಲೂ, ಹಗಲೆಲ್ಲ ಕೂಲಿ ಮಾಡಿ ರಾತ್ರಿ ಹೊರಳಲಾರದೆ ಮಲಗುವ ಈ ಜನರ ನಿದ್ರೆಯ ಮಾತು ಹಿಂದೆಯೇ ಉಳಿದಿದೆ. ಗುಣಪಡಿಸಲಾಗದ ಬೇನೆಯಲ್ಲಿ ರಾತ್ರಿಯ ನೆಮ್ಮದಿಯೂ ಚಿಕಿತ್ಸೆಯ ಗುರಿಯೆಂದು ಎಣಿಸಬೇಕಾಗಿತ್ತು. ಅದು ಎಣಿಕೆಗೆ ಬಾರದಿರುವುದು ದೊಡ್ಡ ಕೊರತೆ.

ಎಲ್ಲ ಕೀಲುನೋವೂ ರಾತ್ರಿಯಲ್ಲಿ ಒಂದೇ ಬಗೆಯಾಗಿ ನಡೆದುಕೊಳ್ಳುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಸವೆತದ ನೋವು ಸಾಮಾನ್ಯವಾಗಿ ಹಗಲಿನ ದುಡಿಮೆಯ ಬಳಿಕ ಸಂಜೆಗೆ ಹೆಚ್ಚಿ, ಮಲಗಿದ ಮೇಲೆ ಮಗ್ಗಲು ಬದಲಿಸುವಾಗಲೆಲ್ಲ ಎಚ್ಚರಿಸುತ್ತದೆ. ಬೆಳಿಗ್ಗೆಯ ಬಿಗಿತ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ದೇಹದ ರಕ್ಷಣಾವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುವ ರುಮಟಾಯ್ಡ್ ಸಂಧಿವಾತದಲ್ಲಿ ಕೈಬೆರಳು, ಮಣಿಕಟ್ಟುಗಳು ಎರಡೂ ಕಡೆ ಊದಿಕೊಂಡು, ನಸುಕಿನಲ್ಲಿ ನೋವು ಏರಿ, ಎದ್ದ ಮೇಲೆ ಒಂದು ಗಂಟೆಗೂ ಮೀರಿ ಮುಷ್ಟಿ ಕಟ್ಟಲಾಗದಷ್ಟು ಬಿಗಿತವಿರುತ್ತದೆ. ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬೆಸೆದುಕೊಳ್ಳುತ್ತ ಬರುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೇನೆ ಹೆಚ್ಚಾಗಿ ಯುವಕರನ್ನು ರಾತ್ರಿಯ ಎರಡನೆಯ ಅರ್ಧದಲ್ಲಿ ಎಬ್ಬಿಸುತ್ತದೆ, ಮತ್ತು ವಿಶ್ರಾಂತಿಯಿಂದ ಕಡಿಮೆಯಾಗದೆ ಎದ್ದು ಓಡಾಡಿದರೆ ಕಡಿಮೆಯಾಗುತ್ತದೆ. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಹರಳುಗಟ್ಟುವ ಗೌಟ್ ಬೇನೆಯಾದರೋ ನಡುರಾತ್ರಿಯಲ್ಲಿ ಕಾಲಿನ ಹೆಬ್ಬೆರಳನ್ನು ಹೊದಿಕೆಯ ಸ್ಪರ್ಶವನ್ನೂ ತಡೆಯದಂತೆ ಮಾಡುತ್ತದೆ. ಹೀಗಿರುವುದರಿಂದ, ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಎದ್ದು ನಡೆದರೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ರೋಗಿ ಕೊಡುವ ಉತ್ತರ ಅನೇಕ ಸಲ ರಕ್ತಪರೀಕ್ಷೆಗಿಂತ ಮೊದಲೇ ರೋಗದ ದಿಕ್ಕನ್ನು ತೋರಿಸುತ್ತದೆ. ಎಲ್ಲವನ್ನೂ ‘ವಾಯು’ ಎಂದು ಒಂದೇ ಹೆಸರಿನಲ್ಲಿ ಕಟ್ಟಿಹಾಕಿದರೆ ಈ ಸುಳಿವು ಕೈತಪ್ಪುತ್ತದೆ.

ನಸುಕಿನ ನೋವಿಗೆ ದೇಹದ ದಿನಚರಿಯಲ್ಲೇ ಕಾರಣವಿದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್ ಎಂಬ ರಸಕ್ಕೆ ಉರಿಯೂತವನ್ನು ತಗ್ಗಿಸುವ ಗುಣವಿದ್ದು, ನಡುರಾತ್ರಿಯ ಸುಮಾರಿಗೆ ಅದರ ಪ್ರಮಾಣ ಅತಿ ಕಡಿಮೆಯಿರುತ್ತದೆ, ಬೆಳಗಾಗುವ ಮೊದಲು ಏರತೊಡಗುತ್ತದೆ. ಈ ನಡುವಿನ ಹೊತ್ತಿನಲ್ಲಿ ಉರಿಯೂತವನ್ನು ಕೆರಳಿಸುವ ರಾಸಾಯನಿಕಗಳು ರುಮಟಾಯ್ಡ್ ರೋಗಿಗಳ ರಕ್ತದಲ್ಲಿ ಹೆಚ್ಚುತ್ತವೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಇದೇ ಕುಲದ ಕಾರ್ಟಿಸೋನನ್ನು 1948ರಲ್ಲಿ ಹಾಸಿಗೆ ಹಿಡಿದ ರೋಗಿಯೊಬ್ಬರಿಗೆ ಕೊಟ್ಟು ನಡೆಯುವಂತೆ ಮಾಡಿ, 1950ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಪ್ರಶಸ್ತಿ ಪಡೆದರು. ದೀರ್ಘಕಾಲ ಬಳಸಿದರೆ ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು ಮೊದಲಾದ ಹಾನಿಗಳು ಆಮೇಲೆ ತಿಳಿದುಬಂದವು. ಹಳ್ಳಿಗಳಲ್ಲಿ ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ‘ವಾತದ ಪುಡಿ’ ಒಂದೇ ರಾತ್ರಿಯಲ್ಲಿ ನೋವು ಇಳಿಸಿತೆಂದರೆ, ಅದರಲ್ಲಿ ಈ ಜಾತಿಯ ಸ್ಟೀರಾಯ್ಡ್ ಬೆರೆತಿರಬಹುದೆಂದು ಸಂಶಯಪಡುವುದು ಕ್ಷೇಮ.

ನೋವು ನಿದ್ರೆಯನ್ನು ಕೆಡಿಸುವಂತೆಯೇ ನಿದ್ರೆಯ ಭಂಗವೂ ನೋವನ್ನು ಹುಟ್ಟಿಸಬಲ್ಲದೆಂಬುದಕ್ಕೆ ಮೊದಲ ಸ್ಪಷ್ಟ ಸಾಕ್ಷ್ಯ 1975ರಲ್ಲಿ ಟೊರಾಂಟೊದ ಹಾರ್ವೆ ಮೊಲ್ಡೊಫ್‌ಸ್ಕಿ ಮತ್ತು ಸಂಗಡಿಗರಿಂದ ಬಂದಿತು. ಮಿದುಳಿನ ಅಲೆಗಳು ನಿಧಾನವಾಗುವ ಗಾಢನಿದ್ರೆಯ ಹಂತಕ್ಕೆ ಆರೋಗ್ಯವಂತರು ಜಾರುತ್ತಿದ್ದಂತೆ ಶಬ್ದ ಮಾಡಿ ಆ ಹಂತವನ್ನು ಮಾತ್ರ ತಪ್ಪಿಸಿದಾಗ, ಕೆಲವೇ ರಾತ್ರಿಗಳಲ್ಲಿ ಅವರ ಮೈಯೆಲ್ಲ ಒತ್ತಿದರೆ ನೋಯುವಂತಾಯಿತು. ನಿದ್ರೆಯನ್ನು ಮರಳಿ ಕೊಟ್ಟಾಗ ಅದು ಸರಿಹೋಯಿತು. 2007ರಲ್ಲಿ ಮೈಕೇಲ್ ಸ್ಮಿತ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗದಲ್ಲಿ, ಒಟ್ಟು ನಿದ್ರೆಯ ಕಾಲ ಒಂದೇ ಆಗಿದ್ದರೂ ಪದೇ ಪದೇ ಎಚ್ಚರಿಸಲ್ಪಟ್ಟ ಸ್ತ್ರೀಯರಲ್ಲಿ ನೋವನ್ನು ತಡೆಯುವ ಮಿದುಳಿನ ಶಕ್ತಿ ಹೆಚ್ಚು ಕುಗ್ಗಿತು. ಮಿದುಳಿನಿಂದ ಬೆನ್ನುಹುರಿಗೆ ಇಳಿದುಬರುವ ನರಗಳ ವ್ಯವಸ್ಥೆಯೊಂದು ಕೆರೆಯ ತೂಬಿನಂತೆ ಕೆಲಸ ಮಾಡಿ, ಕೀಲಿನಿಂದ ಬರುವ ನೋವಿನ ಸಂದೇಶವನ್ನು ಬೇಕಾದಷ್ಟೇ ಒಳಬಿಡುತ್ತದೆ. ಚೂರುಚೂರಾದ ನಿದ್ರೆಯ ಮರುದಿನ ಆ ತೂಬು ಸರಿಯಾಗಿ ಮುಚ್ಚುವುದಿಲ್ಲ. ಲಾಸ್ ಏಂಜಲೀಸಿನ ಮೈಕೇಲ್ ಇರ್ವಿನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರುಮಟಾಯ್ಡ್ ರೋಗಿಗಳನ್ನು ಒಂದು ರಾತ್ರಿ ಅರ್ಧಭಾಗ ಎಚ್ಚರವಿರಿಸಿದ್ದೇ ಅವರ ನೋವು, ಆಯಾಸ, ಖಿನ್ನತೆ ಮೂರೂ ಏರಲು ಸಾಕಾಯಿತು. ಚರಕಸಂಹಿತೆ ಆಹಾರದೊಡನೆ ನಿದ್ರೆಯನ್ನೂ ದೇಹದ ಮೂರು ಆಧಾರಸ್ತಂಭಗಳಲ್ಲಿ ಎಣಿಸಿ, ರಾತ್ರಿಯ ಜಾಗರಣೆ ದೇಹವನ್ನು ರೂಕ್ಷಗೊಳಿಸುತ್ತದೆಂದು ಹೇಳಿರುವುದನ್ನು ಇಲ್ಲಿ ನೆನೆಯಬಹುದು.

ಇನ್ನು ನಿದ್ರಾಹೀನತೆ ಹೇಗೆ ಸ್ವತಂತ್ರ ಬೇನೆಯಾಗಿ ಬೆಳೆಯುತ್ತದೆಂಬುದು ಈ ವಿಷಯದ ಮುಖ್ಯ ಭಾಗ. ರಾತ್ರಿ ನಿದ್ರೆ ಸಾಲದಾದವರು ಅದನ್ನು ತುಂಬಿಕೊಳ್ಳುವ ಆಸೆಯಿಂದ ಎಂಟು ಎಂಟೂವರೆಗೇ ಹಾಸಿಗೆ ಸೇರುತ್ತಾರೆ, ಬೆಳಗಾದರೂ ಹೊದ್ದು ಮಲಗಿರುತ್ತಾರೆ, ಮಧ್ಯಾಹ್ನ ಊಟದ ಮೇಲೆ ಎರಡು ಗಂಟೆ ಒರಗುತ್ತಾರೆ. ಇವೆಲ್ಲ ಆ ಹೊತ್ತಿಗೆ ಸರಿಯೆಂದು ತೋರುವ ಉಪಾಯಗಳೇ. ಆದರೆ ಐದು ಗಂಟೆಯ ನಿದ್ರೆ ಹತ್ತು ಗಂಟೆಯ ಹಾಸಿಗೆಯ ಮೇಲೆ ಹರಡಿದಾಗ ಅದು ತೆಳುವಾಗಿ ಅಲ್ಲಲ್ಲಿ ಹರಿಯುತ್ತದೆ. ಉಳಿದ ಐದು ಗಂಟೆ ನೋವನ್ನು ಎಣಿಸುತ್ತ, ನಾಳೆಯ ಕೆಲಸವನ್ನು ನೆನೆದು ಹೆದರುತ್ತ ಕಳೆಯುತ್ತವೆ. ಹೀಗೆ ತಿಂಗಳುಗಳು ಉರುಳಿದ ಮೇಲೆ ಹಾಸಿಗೆಯ ದರ್ಶನವೇ ಮನಸ್ಸನ್ನು ಎಚ್ಚರಗೊಳಿಸುವಂತಾಗುತ್ತದೆ, ಜಗಲಿಯ ಮೇಲೆ ತೂಕಡಿಸುತ್ತಿದ್ದವರಿಗೆ ಒಳಗೆ ಬಂದು ಮಲಗಿದೊಡನೆ ನಿದ್ರೆ ಹಾರಿಹೋಗುತ್ತದೆ.

ಈ ಅಭ್ಯಾಸವನ್ನು ಬಿಡಿಸುವ ಎರಡು ಕ್ರಮಗಳನ್ನು ಅಮೆರಿಕದ ಮನೋವಿಜ್ಞಾನಿಗಳು ರೂಪಿಸಿದರು. 1972ರಲ್ಲಿ ರಿಚರ್ಡ್ ಬೂಟ್‌ಜಿನ್ ವಿವರಿಸಿದ ಕ್ರಮದಲ್ಲಿ, ನಿದ್ರೆ ಎಳೆಯುವಾಗ ಮಾತ್ರ ಹಾಸಿಗೆಗೆ ಹೋಗಬೇಕು, ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ರೆ ಬಾರದಿದ್ದರೆ ಎದ್ದು ಬೇರೆಡೆ ಕುಳಿತು, ನಿದ್ರೆ ಮರಳಿದಾಗ ಹಿಂದಿರುಗಬೇಕು, ಎಷ್ಟೇ ಕೆಟ್ಟ ರಾತ್ರಿಯಾದರೂ ಬೆಳಿಗ್ಗೆ ನಿಶ್ಚಿತ ವೇಳೆಗೆ ಏಳಬೇಕು. 1987ರಲ್ಲಿ ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಕ್ರಮ ಹಾಸಿಗೆಯ ಕಾಲವನ್ನೇ ಕಿರಿದುಗೊಳಿಸುವುದು. ಐದೂವರೆ ಗಂಟೆ ಮಾತ್ರ ನಿದ್ರಿಸುವವರು ಬೆಳಿಗ್ಗೆ ಐದಕ್ಕೆ ಏಳುವುದನ್ನು ಸ್ಥಿರಪಡಿಸಿಕೊಂಡು ರಾತ್ರಿ ಹನ್ನೊಂದೂವರೆಗೆ ಮುಂಚೆ ಮಲಗುವುದಿಲ್ಲ. ನಿದ್ರೆ ಗಟ್ಟಿಯಾಗುತ್ತ ಬಂದಂತೆ ಪ್ರತಿ ವಾರ ಕಾಲು ಗಂಟೆ ಮುಂಚಿತವಾಗಿ ಮಲಗುತ್ತ ಹೋಗುತ್ತಾರೆ. ಮೊದಲ ಎರಡು ವಾರ ಇದು ನಿಜವಾಗಿಯೂ ಕಷ್ಟ, ಹಗಲು ತೂಕಡಿಕೆ ಬರುತ್ತದೆ. ಐದು ಗಂಟೆಗಿಂತ ಕಡಿಮೆ ಮಾಡಬಾರದು; ಮೂರ್ಛೆರೋಗವಿರುವವರು, ಉನ್ಮಾದ ಮತ್ತು ಖಿನ್ನತೆ ಸರದಿಯಾಗಿ ಬರುವವರು, ವಾಹನ ನಡೆಸುವವರು ವೈದ್ಯರ ಸಲಹೆಯಿಲ್ಲದೆ ಇದನ್ನು ತೊಡಗಬಾರದು.

ನೋವಿರುವವರನ್ನು ಹಾಸಿಗೆಯಿಂದ ಏಳಿಸುವುದು ಕ್ರೂರವಲ್ಲವೇ ಎಂಬ ಆಕ್ಷೇಪ ಸಹಜವಾದುದು. ಇದಕ್ಕೆ ಉತ್ತರ ವಾಷಿಂಗ್ಟನ್ ರಾಜ್ಯದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿದೆ. ಅಸ್ಥಿಸಂಧಿವಾತದ ನೋವೂ ನಿದ್ರಾಹೀನತೆಯೂ ಇದ್ದ 60 ವರ್ಷ ಮೀರಿದ 327 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ, ಎಂಟು ವಾರಗಳಲ್ಲಿ ಆರು ಸಲ, ಅರ್ಧ ಗಂಟೆಯೊಳಗಿನ ದೂರವಾಣಿ ಕರೆಗಳಲ್ಲಿ ಈ ಕ್ರಮಗಳನ್ನು ಕಲಿಸಲಾಯಿತು. ಉಳಿದವರಿಗೆ ಅಷ್ಟೇ ಕರೆಗಳಲ್ಲಿ ಸಾಮಾನ್ಯ ತಿಳಿವಳಿಕೆ ನೀಡಲಾಯಿತು. ಮೊದಲ ಗುಂಪಿನವರ ನಿದ್ರೆಯಲ್ಲಿ ಕಂಡ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ನೋವಿನಲ್ಲಿ ಆದ ಇಳಿಕೆ ಮಾತ್ರ ಚಿಕ್ಕದು, ಮತ್ತು ಅದು ಚಿಕಿತ್ಸೆ ಮುಗಿದ ಹೊತ್ತಿಗೆ ಕಂಡು ಆಮೇಲೆ ನಿಲ್ಲಲಿಲ್ಲ. ಹಾಗಾಗಿ ಇದನ್ನು ನೋವಿನ ಮದ್ದೆಂದು ಸಾರುವುದು ಸರಿಯಲ್ಲ. ಆದರೆ ನೋವಿದ್ದಾಗಲೇ ನಿದ್ರೆಯನ್ನು ಮರಳಿ ಪಡೆಯಬಹುದು, ಅದನ್ನು ದೂರದ ಊರಿನಲ್ಲಿರುವವರಿಗೆ ಮಾತಿನಿಂದಲೇ ಕಲಿಸಬಹುದು ಎಂಬ ಎರಡು ಸಂಗತಿಗಳು ದೇವನೂರಿನಂಥ ಗ್ರಾಮಗಳಿಗೆ ಬಹಳ ಬೆಲೆಯುಳ್ಳವು. 2022ರ ಅಕ್ಟೋಬರಿನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಸಮನ್ವಯಗೊಳಿಸುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸೇವೆಯ 14416 ಸಂಖ್ಯೆಗೆ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿ ನಿದ್ರೆಯ ತೊಂದರೆಯನ್ನು ಹೇಳಿಕೊಳ್ಳಬಹುದೆಂಬುದು ಇನ್ನೂ ಅನೇಕರಿಗೆ ತಿಳಿದಿಲ್ಲ.

ನಿದ್ರೆ ಬಾರದೆ ಹಾಸಿಗೆಯಿಂದ ಎದ್ದು ಕುಳಿತ ಹೊತ್ತನ್ನು ಕಳೆಯುವುದು ಹೇಗೆಂಬುದಕ್ಕೆ ಪಾಶ್ಚಾತ್ಯ ಪುಸ್ತಕಗಳು ಮಂದಬೆಳಕಿನಲ್ಲಿ ಓದುವುದನ್ನು ಸೂಚಿಸುತ್ತವೆ. ಓದಲು ಬಾರದ, ಕಣ್ಣು ಮಸುಕಾದ ಹಿರಿಯರಿಗೆ ಕೇಳುವುದು ಹೆಚ್ಚು ಹೊಂದುತ್ತದೆ. ಜೈಮಿನಿ ಭಾರತ ಗಮಕಿಗಳ ಬಾಯಿಂದ ತಲೆಮಾರುಗಳವರೆಗೆ ಹಳ್ಳಿಯ ರಾತ್ರಿಗಳನ್ನು ತುಂಬಿದ ಕಾವ್ಯ. ವಾರ್ಧಕ ಷಟ್ಪದಿಯ ನಿಧಾನವಾದ ದೀರ್ಘ ನಡೆ, ಕಥೆ ಮೊದಲೇ ಗೊತ್ತಿರುವುದರಿಂದ ಮುಂದೇನೆಂಬ ಕಾತರವಿಲ್ಲದಿರುವುದು, ಎರಡೂ ಇಂಥ ಹೊತ್ತಿಗೆ ಅನುಕೂಲ. ಧ್ವನಿಮುದ್ರಣವನ್ನು ಮೆಲ್ಲಗೆ ಹಾಕಿ, ಮೊಬೈಲಿನ ಪರದೆಯನ್ನು ಕವುಚಿಟ್ಟು, ಕಂಬಳಿ ಹೊದ್ದು ಬೆನ್ನಿಗೆ ಆಸರೆಯಿರುವಲ್ಲಿ ಕುಳಿತು ಕೇಳಬಹುದು.

ಮನೆಯ ವ್ಯವಸ್ಥೆಯಲ್ಲಿ ಕೆಲವು ಬದಲಾವಣೆಗಳು ಅಗತ್ಯ. ಬರಿಯ ನೆಲದ ಮೇಲೆ ಚಾಪೆ ಹಾಸಿ ಮಲಗುವುದೇ ಮೂಳೆಗೆ ಒಳ್ಳೆಯದೆಂಬ ಮಾತು ಬಳಕೆಯಲ್ಲಿದೆ. ಬೆನ್ನುನೋವಿನ ರೋಗಿಗಳ ಮೇಲೆ ಸ್ಪೇನಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗ ಬಹಳ ಗಟ್ಟಿಯ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಮೇಲೆಂದು ತೋರಿಸಿತು. ಮಂಡಿ, ಸೊಂಟ ನೋಯುವವರಿಗೆ ನೆಲದಿಂದ ಏಳುವುದೇ ದೊಡ್ಡ ಪಾಡಾದ್ದರಿಂದ ಮಂಚವೂ ಹದವಾದ ಹತ್ತಿಯ ಹಾಸಿಗೆಯೂ ಅವರಿಗೆ ಭೋಗವಸ್ತುಗಳಲ್ಲ. ಮಗ್ಗುಲಾಗಿ ಮಲಗುವಾಗ ಮಂಡಿಗಳ ನಡುವೆ ದಿಂಬಿಟ್ಟರೆ ಸೊಂಟದ ಎಳೆತ ತಗ್ಗುತ್ತದೆ. ಅಂಗಾತ ಮಲಗಿ ಮಂಡಿಯ ಕೆಳಗೆ ರಾತ್ರಿಯಿಡೀ ದಿಂಬಿಡುವುದು ಹಿತವೆನಿಸಿದರೂ, ಮಂಡಿ ಮಡಿಚಿದಂತೆಯೇ ಬಿಗಿದುಕೊಳ್ಳುವುದರಿಂದ ಬೇಡ. ಮಲಗುವ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ, ಲಕ್ಕಿ ಸೊಪ್ಪು ಕುದಿಸಿದ ನೀರಿನ ಶಾಖ, ಹರಳೆಣ್ಣೆ ಹಚ್ಚಿ ಮೆಲ್ಲಗೆ ನೀವುವುದು, ಇವು ಸ್ನಾಯುಗಳನ್ನು ಸಡಿಲಿಸುತ್ತವೆ; ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಮಾತ್ರ ಶಾಖದ ಬಿಸಿಯನ್ನು ಬೇರೆಯವರ ಕೈಯಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು. ರಾತ್ರಿ ಮೂತ್ರಕ್ಕೆ ಹಿತ್ತಲಿಗೆ ಹೋಗಬೇಕಾದ ಮನೆಗಳಲ್ಲಿ ದಾರಿಗೆ ಸಣ್ಣ ದೀಪ, ಹಿಡಿಯಲು ಗೋಡೆಗೆ ಗೂಟ ಅಥವಾ ಕಂಬಿ, ಸಾಧ್ಯವಾದರೆ ಕುರ್ಚಿಯಂಥ ಪೀಠ ಇರಬೇಕು. ಸಂಜೆಯ ಮೇಲೆ ಕಾಫಿ, ಚಹಾ ಬಿಡುವುದು ಒಳ್ಳೆಯದು. ನೋವು ಮರೆಯಲೆಂದು ಕುಡಿಯುವ ಮದ್ಯ ನಿದ್ರೆ ಹಿಡಿಸಿದರೂ ರಾತ್ರಿಯ ಎರಡನೆಯ ಭಾಗವನ್ನು ಹಾಳುಮಾಡುತ್ತದೆ, ಗೌಟ್ ಇದ್ದರೆ ಅದನ್ನೂ ಕೆರಳಿಸುತ್ತದೆ.

ಮಾತ್ರೆಗಳ ವಿಷಯದಲ್ಲಿ ಎಚ್ಚರ ಬೇಕು. ಉರಿಯೂತ ಬೇನೆಗಳಲ್ಲಿ ರೋಗವನ್ನೇ ಹತೋಟಿಗೆ ತರುವ ಔಷಧಿಗಳು ನಿದ್ರೆಗೂ ಅಡಿಪಾಯ. ಅವುಗಳಲ್ಲಿ ಮುಖ್ಯವಾದ ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕೆಂಬುದನ್ನು ಮನೆಯವರೆಲ್ಲ ತಿಳಿದಿರಬೇಕು, ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆಯನ್ನು ಪ್ರತಿರಾತ್ರಿ ಬರಿಹೊಟ್ಟೆಯಲ್ಲಿ ನುಂಗುವುದರಿಂದ ಜಠರದಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿ ಆಗಬಹುದು. ವೈದ್ಯರು ಸ್ಟೀರಾಯ್ಡ್ ಕೊಟ್ಟಿದ್ದರೆ ಅದನ್ನು ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ವಿಚಾರಿಸಬೇಕು, ಏಕೆಂದರೆ ಸಾಮಾನ್ಯ ಪ್ರೆಡ್ನಿಸೊಲೋನನ್ನು ಸಂಜೆ ನುಂಗಿದರೆ ಅದೇ ನಿದ್ರೆಗೆಡಿಸುತ್ತದೆ. ನಿದ್ರೆಯ ಮಾತ್ರೆಗಳಾದರೋ ವಯಸ್ಸಾದವರಲ್ಲಿ ಜೋಲಿ ತಪ್ಪಿಸಿ ಬೀಳಿಸುತ್ತವೆ, ಮತ್ತು ಟೊಳ್ಳುಮೂಳೆಯವರು ಒಮ್ಮೆ ಬಿದ್ದರೂ ಅದು ಸೊಂಟದ ಮುರಿತವಾಗಿ ಪರಿಣಮಿಸಬಹುದು. ಎಚ್ಚರಕ್ಕೆ ಕೀಲೊಂದೇ ಕಾರಣವಲ್ಲದೆಯೂ ಇರಬಹುದು: ಮಲಗಿದಾಗ ಕಾಲು ಸುಮ್ಮನಿರಲಾರದೆ ಆಡಿಸಬೇಕೆನಿಸುವುದಕ್ಕೆ ಕಬ್ಬಿಣಾಂಶದ ಕೊರತೆ ಕಾರಣವಾಗಿರಬಹುದು, ಜೋರಾದ ಗೊರಕೆಯ ನಡುವೆ ಉಸಿರು ನಿಂತುನಿಂತು ಬರುವುದು ಬೇರೆಯೇ ಬೇನೆ.

ಈ ಎಲ್ಲ ಸಲಹೆಗಳು ಮನೆಯ ಗೃಹಿಣಿಗೆ ಬಂದಾಗ ಒಂದು ಕಟುಸತ್ಯಕ್ಕೆ ಡಿಕ್ಕಿ ಹೊಡೆಯುತ್ತವೆ. ರುಮಟಾಯ್ಡ್ ಸಂಧಿವಾತವೂ ಮಂಡಿಸವೆತವೂ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಎಲ್ಲರ ಊಟವಾದ ಮೇಲೆ ಪಾತ್ರೆ ತೊಳೆದು ಮಲಗುವವಳೂ, ಬೆರಳು ಮಡಿಸಲಾಗದ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಬಾಗಿಲಿಗೆ ನೀರು ಹಾಕಿ, ಹಾಲು ಕರೆದು, ಮುದ್ದೆ ತಿರುವುವವಳೂ ಅವಳೇ. ಬೆಳಗಿನ ಬಿಗಿತ ಬಿಡುವವರೆಗಿನ ಒಂದು ಗಂಟೆಯ ಕೆಲಸವನ್ನು ಗಂಡ, ಮಗ, ಸೊಸೆ, ಯಾರಾದರೂ ವಹಿಸಿಕೊಳ್ಳದೆ ಅವಳಿಗೆ ನಿದ್ರೆಯ ನಿಯಮಗಳನ್ನು ಬೋಧಿಸುವುದರಲ್ಲಿ ನ್ಯಾಯವಿಲ್ಲ. ಚಿಕಿತ್ಸೆಯ ಚೀಟಿಯಲ್ಲಿ ಬರೆಯದಿದ್ದರೂ, ಮುಂಜಾನೆಯ ಕೆಲಸದ ಈ ಹಂಚಿಕೆಯನ್ನು ವೈದ್ಯರು ಮನೆಯವರನ್ನು ಕರೆಸಿ ಹೇಳಬೇಕು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರೂ ಹೇಳಬೇಕು.

ಕಡೂರಿನ ಆಸ್ಪತ್ರೆಗೋ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೋ ಹೋಗುವ ಮೊದಲು ಒಂದು ವಾರದ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ಮನೆಗಳಲ್ಲಿ ಗುರುತಿಸಿಕೊಂಡರೆ ವೈದ್ಯರ ಕೆಲಸ ಸುಲಭವಾಗುತ್ತದೆ: ಮಲಗಿದ ಹೊತ್ತು, ನೋವು ಎಬ್ಬಿಸಿದ ಹೊತ್ತು, ಯಾವ ಕೀಲು, ಎದ್ದು ನಡೆದಾಗ ಹೆಚ್ಚಿತೋ ತಗ್ಗಿತೋ, ಬೆಳಿಗ್ಗೆ ಬಿಗಿತ ಬಿಡಲು ಹಿಡಿದ ಕಾಲ, ನುಂಗಿದ ಗುಳಿಗೆ. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮೊಮ್ಮಕ್ಕಳು ಬರೆದುಕೊಡಬಹುದು. ಕೀಲು ಕೆಂಪಾಗಿ ಊದಿ ಜ್ವರ ಬಂದರೆ, ವಿಶ್ರಾಂತಿಯಲ್ಲೂ ಬಿಡದ ರಾತ್ರಿಯ ನೋವಿನೊಡನೆ ಮೈತೂಕ ಇಳಿಯುತ್ತಿದ್ದರೆ, ಅಥವಾ ಬದುಕು ಸಾಕೆಂಬ ಯೋಚನೆ ಆ ನಿದ್ರೆಯಿಲ್ಲದ ಹೊತ್ತಿನಲ್ಲಿ ಸುಳಿದರೆ, ವಾರದ ಲೆಕ್ಕಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕೊನೆಯದಕ್ಕೆ 14416 ಸಂಖ್ಯೆ ರಾತ್ರಿಯ ಯಾವ ಹೊತ್ತಿನಲ್ಲೂ ದೊರೆಯುತ್ತದೆ.